ಸುರಗಿ ಅರಳುವ ಮೂರು ದಿನ

"ಇದು ಮರದಲ್ಲಿ ಅರಳಿದ್ರೆ ಹೇಗಿರ್ತದೋ?"

ಬೀಯಮ್ಮ ಇದನ್ನು ಯಾರಿಗೂ ಕೇಳಿದ್ದಲ್ಲ. ಬಂಟ್ವಾಳ ಪೇಟೆಯ ಹಿಂದಿನ ಓಣಿಯ ಮನೆಯಲ್ಲಿ, ಅಡುಗೆಕೋಣೆಯ ಚಾಪೆಯ ಮೇಲೆ ಕಾಲು ನೀಡಿ ಕೂತು, ಈ ವರ್ಷದ ಮೊದಲ ಸುರಗಿ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಮಡಿಲಲ್ಲಿ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಬಟಾಣಿ ಗಾತ್ರದ ಬಿಳಿ ಮೊಗ್ಗುಗಳು, ತುಟಿಯಲ್ಲಿ ಮಾಲೆಪದ. ಅವಳ ಉಮ್ಮ ಗುರುವಾರ ಸಂಜೆ ದೀಪದೆದುರು ಕೂತು ಹೇಳುತ್ತಿದ್ದ, ಸಂತರನ್ನು ಹೊಗಳುವ ಪದಗಳವು. ಬೀಯಮ್ಮ ಓದಿ ಕಲಿತದ್ದಲ್ಲ, ಕೇಳಿ ಕೇಳಿ ಉಳಿದದ್ದು. ಪದದ ಒಂದು ಸಾಲಿಗೆ ಏಳು ಮೊಗ್ಗು, ಹನ್ನೆರಡು ಸಾಲಿಗೆ ಒಂದು ಮೊಳ. ಗಡಿಯಾರವಾಗಲಿ ಅಳತೆಯ ಕೋಲಾಗಲಿ ಅವಳಿಗೆ ಎಂದೂ ಬೇಕಾಗಿರಲಿಲ್ಲ. ಆ ದಿನ ಮೂರನೆಯ ಮೊಳದ ನಡುವೆ ಸಾಲು ನಿಂತಿತು, ಈ ಪ್ರಶ್ನೆ ಬಂತು.

ಬಾಗಿಲಾಚೆ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದ ಗಂಡ ಬಾವಾ ಉತ್ತರ ಕೊಟ್ಟ: "ಅರಳಿದ್ರೆ ನಷ್ಟ."

ಅವನು ಹೇಳಿದ್ದು ಸುಳ್ಳಲ್ಲ. ಪೇಟೆಯಲ್ಲಿ ಹೂವಿನ ಅಂಗಡಿ ಇಟ್ಟು ನಲವತ್ತು ವರ್ಷವಾಗಿತ್ತು. ಸುರಗಿ ಮೊಗ್ಗಾಗಿ ಇರುವಾಗಲೇ ಮಾರಬೇಕಾದ ಹೂವು. ಅರಳಿದರೆ ಮಧ್ಯಾಹ್ನದೊಳಗೆ ಎಸಳು ಉದುರಿ ಮಾಲೆ ಬೋಳಾಗುತ್ತದೆ. ಹಾಗಾಗಿ ಸೂರ್ಯ ಏಳುವ ಮೊದಲೇ ಮರದ ಗೆಲ್ಲು ಕಡಿದು ಕೆಳಗೆ ಹಾಕಿ, ಮೊಗ್ಗು ಬಿಡಿಸಿ, ಮೊದಲ ಬಸ್ಸಿಗೆ ಗೋಣಿ ಕಳಿಸುತ್ತಾರೆ. ದಾರಿಯಲ್ಲಿ ಬಾಯಿ ಬಿಟ್ಟ ಮೊಗ್ಗುಗಳನ್ನು ಬಾವಾ ಹೊರಗೇ ಹೆಕ್ಕಿ ಎಸೆದು, ಒಳ್ಳೆಯದನ್ನು ಮಾತ್ರ ಒಳಗೆ ತರುತ್ತಿದ್ದ. ನಲವತ್ತು ವರ್ಷ ಕಟ್ಟಿದ ಹೂವನ್ನು ಬೀಯಮ್ಮ ಹೂವಾಗಿ ನೋಡಿರಲೇ ಇಲ್ಲ. ಬಾವಾನೂ ಮರದಲ್ಲಿ ಅರಳಿದ್ದನ್ನು ನೋಡಿರಲಿಲ್ಲ. ಅವನಿಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಬೀಯಮ್ಮ ನಾರನ್ನು ಚಾಪೆಯ ಮೇಲಿಟ್ಟಳು. "ಪಡೆದ ದೇವರು ಅದನ್ನು ಅರಳ್ಲಿಕ್ಕೆ ಅಂತಲೇ ಮಾಡಿದ್ದಲ್ಲವಾ? ಇಷ್ಟು ವರ್ಷ ನಾನು ಅಡ್ಡ ಕೂತ ಹಾಗಾಯ್ತು. ಒಂದು ಸಲ ನೋಡಬೇಕು."

"ನೋಡುವ, ನೋಡುವ. ಮೊದಲು ಇದನ್ನು ಮುಗಿಸು."

"ನೋಡಿದ ಮೇಲೆ."

ಆ ದಿನದ ಮೊಗ್ಗುಗಳು ಒದ್ದೆ ಬಟ್ಟೆಯಲ್ಲೇ ಕಂದಿದವು. ಮರುದಿನವೂ ಅವಳು ನಾರು ಮುಟ್ಟಲಿಲ್ಲ. ಕೈ ನೋಯುತ್ತದಾ ಎಂದು ಬಾವಾ ಕೇಳಿದ. "ನೋವಲ್ಲ. ಬಚ್ಚಿದೆ," ಎಂದಳು. ದಣಿವಿಗೆ ಅವಳಲ್ಲಿದ್ದದ್ದು ಆ ಒಂದೇ ಶಬ್ದ. ನಲವತ್ತು ವರ್ಷದಲ್ಲಿ ಅದನ್ನು ಅವಳ ಬಾಯಿಂದ ಕೇಳಿದ ನೆನಪು ಅವನಿಗಿರಲಿಲ್ಲ.

ಬಾವಾನಿಗೆ ಹೆದರಿಕೆಯಾಯಿತು. ಮಲ್ಲಿಗೆ, ಜಾಜಿ, ಸೇವಂತಿಗೆ ಎಲ್ಲವೂ ಕಟ್ಟಿಯೇ ಬಸ್ಸಿನಲ್ಲಿ ಬರುತ್ತವೆ. ಪೇಟೆಯ ಏಳು ಅಂಗಡಿಯಲ್ಲೂ ಅದೇ ಹೂವು. ವರ್ಷದ ಹನ್ನೊಂದು ತಿಂಗಳು ಅವನು ಏಳರಲ್ಲಿ ಒಬ್ಬ. ಸುರಗಿಯ ಒಂದು ತಿಂಗಳು ಮಾತ್ರ ಹೆಂಗಸರು ಉಳಿದ ಆರು ಅಂಗಡಿ ದಾಟಿ ಬಂದು, "ಬೀಯಮ್ಮನ ಸುರಗಿ ಬಂತಾ?" ಎಂದು ಕೇಳುತ್ತಾರೆ. ಮುಡಿದು, ಒಣಗಿದ ಮೇಲೆ ಸೀರೆಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಾರೆ. ಆ ಕೈ ನಿಂತರೆ ಆ ತಿಂಗಳೂ ಹೋಯಿತು. ಪ್ರತಿ ವರ್ಷ ಸುರಗಿ ಕೊಳ್ಳುವ ವಾರಿಜಾಕ್ಷಿ ಟೀಚರ್ ಆಗಲೇ ಎರಡು ಸಲ ಬಂದು ಹೋಗಿದ್ದರು. ನೋಡಿದರೆ ಕಟ್ಟುತ್ತಾಳೆ, ತೋರಿಸಿಬಿಡುವ ಎಂದು ಬಾವಾ ತೀರ್ಮಾನಿಸಿದ.

ಆದರೆ ಮರ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮರ ಯಾವುದೆಂದು ಕೊಯ್ಯುವವನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ. ಆ ಕಸುಬಿನ ಮರ್ಯಾದೆ ಹಾಗೆ. ಇಷ್ಟು ವರ್ಷ ಅವನಿಗೆ ಗೋಣಿ ಕಳಿಸುತ್ತಿದ್ದವನು ಕಕ್ಕಿಂಜೆಯ ಮಾಯಿಲಪ್ಪ. ಬಾವಾ ಫೋನು ಮಾಡಿದ.

"ಮರ ಯಾಕೆ ಬಾವಾಕ? ಇನ್ನು ನೀವೇ ಹತ್ತುತ್ತೀರಾ?" ಮಾಯಿಲಪ್ಪ ನಕ್ಕ.

"ನನಗಲ್ಲ ಮಾರಾಯ. ಬೀಯಮ್ಮನಿಗೆ ಅರಳಿದ್ದು ನೋಡಬೇಕಂತೆ."

"ಹಾಗಾದ್ರೆ ಕೆಡ್ಡಸಕ್ಕೆ ನೋಡುವ. ಬೇರೆ ದಿನ ನಾನು ಅರಳ್ಲಿಕ್ಕೆ ಬಿಡ್ಲಿಕ್ಕುಂಟಾ?"

ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾಗುವ ಮೂರು ದಿನ. ನೆಲ ಅಗೆಯುವ ಹಾಗಿಲ್ಲ, ಹಸಿರು ಕಡಿಯುವ ಹಾಗಿಲ್ಲ. ಮಾಯಿಲಪ್ಪ ಆ ಮೂರು ದಿನ ಕತ್ತಿ ಮುಟ್ಟುತ್ತಿರಲಿಲ್ಲ, ಬಾವಾನ ಅಂಗಡಿಗೆ ಆ ಮೂರು ದಿನ ಸುರಗಿ ಬರುತ್ತಿರಲಿಲ್ಲ. ವರ್ಷದಲ್ಲಿ ಮೂರೇ ಬೆಳಗು ಅವನ ಮರಗಳ ಮೊಗ್ಗು ತಮ್ಮಷ್ಟಕ್ಕೆ ಅರಳುತ್ತಿದ್ದವು. ಕೆಡ್ಡಸಕ್ಕೆ ಎರಡು ದಿನವಿತ್ತು. ಅದು ಕಳೆದರೆ ವಾರದಲ್ಲಿ ರಂಝಾನ್ ತಿಂಗಳು. ಉಪವಾಸ ಹಿಡಿದು ಗುಡ್ಡ ಹತ್ತುವ ಶಕ್ತಿ ಬೀಯಮ್ಮನ ಮೊಣಕಾಲಿಗೆ ಇರಲಿಲ್ಲ.

ಬಾವಾನ ತಂಗಿಯ ಮಗ ಉಮ್ಮರ್ ಓಮ್ನಿ ಓಡಿಸುತ್ತಿದ್ದ. ಮೊದಲ ದಿನ ನಸುಕಿನ ಸುಬಹಿ ನಮಾಝ್ ಮುಗಿಸಿ ಹೊರಟರು. ಮಾಯಿಲಪ್ಪ ಹಿಂದಿನ ಸಂಜೆಯೇ ಬಸ್ಸಿನಲ್ಲಿ ಬಂದು ಅಂಗಡಿಯ ಜಗಲಿಯಲ್ಲಿ ಮಲಗಿದ್ದ. ಪೇಟೆಯಿಂದ ಆರೇಳು ಮೈಲಿ ದೂರದ ಒಂದು ಪದವಿನ ಕಡೆಗೆ ದಾರಿ ತೋರಿಸಿದ. ಪದವು ಎಂದರೆ ಮರಗಿಡ ಕಡಿಮೆಯ, ಕೆಂಪುಕಲ್ಲಿನ ಬಯಲು. ಅದರ ಅಂಚಿನ ಇಳಿಜಾರಿನಲ್ಲಿ ಅವನ ದೊಡ್ಡ ಮರ. ಒಮ್ಮೆ ಗೆಲ್ಲು ಕಡಿದರೆ ಮತ್ತೆ ಹೂ ಬರಲು ಮೂರು ವರ್ಷ ಬೇಕು. ಇದರ ಸರದಿ ಈ ವರ್ಷ.

"ಮೂರು ವರ್ಷದಿಂದ ಮುಟ್ಟಲಿಲ್ಲ. ಅರ್ಧ ಮೈಲಿಯಿಂದ ಪರಿಮಳ ಬರ್ತದೆ, ನೋಡಿ," ಎಂದ.

ಅರ್ಧ ಮೈಲಿಯಿಂದ ಬಂದದ್ದು ಧೂಳು. ಪದವು ಇರಲಿಲ್ಲ. ಅದರ ಜಾಗದಲ್ಲಿ ನಾಲ್ಕಾಳು ಆಳದ ಕೆಂಪುಕಲ್ಲಿನ ಕೋರೆ, ಗೋಡೆ ಕೊರೆದ ಹಾಗೆ ನೆಟ್ಟಗೆ ಕೆಳಗಿಳಿದಿತ್ತು. ತಳದಲ್ಲಿ ಕಲ್ಲು ಕೊಯ್ಯುವ ಯಂತ್ರವೊಂದು ತಾಡಪಾಲು ಹೊದ್ದು ಮಲಗಿತ್ತು. ಮಾಯಿಲಪ್ಪ ಅಂಚಿನಲ್ಲಿ ನಿಂತು ಗಾಳಿಯಲ್ಲಿ ಒಂದು ಕಡೆಗೆ ಕೈ ತೋರಿಸಿದ. "ಅಲ್ಲಿ. ಅಲ್ಲಿ ಇತ್ತು," ಎಂದ. ಅವನು ತೋರಿಸಿದಲ್ಲಿ ಬರಿಯ ಆಕಾಶವಿತ್ತು.

ಉಮ್ಮರ್‌ಗೆ ಮೌನ ಸಹಿಸಲಾಗದು. "ಮಾಮ, ಹೂ ನೋಡ್ಲಿಕ್ಕೆ ಅಂತ ಜನ ಊಟಿಗೆ ಹೋಗ್ತಾರೆ. ನೀವು ಮಾಮಿಯನ್ನು ಕೋರೆಗೆ ಕರ್ಕೊಂಡು ಬಂದ್ರಿ."

"ಬಾಯಿ ಮುಚ್ಚು," ಎಂದ ಬಾವಾ.

ಕೋರೆಯ ಅಂಚಿನಲ್ಲಿ, ಬೇರು ಅರ್ಧ ಹೊರಗೆ ಬಿದ್ದ ಒಂದು ಕೇಪಳದ ಗಿಡವಿತ್ತು. ಧೂಳು ಮೆತ್ತಿದ ಎಲೆಗಳ ನಡುವೆ ಎರಡು ಗೊಂಚಲು ಕೆಂಪು ಹೂವು. ಬೀಯಮ್ಮ ಬಗ್ಗಿ, ಸೆರಗಿನ ತುದಿಯಿಂದ ಒಂದು ಗೊಂಚಲಿನ ಧೂಳು ಒರೆಸಿ, ಹಾಗೆಯೇ ಬಿಟ್ಟಳು. ಓಮ್ನಿಗೆ ಹತ್ತುವಾಗ ಅವಳ ಮೊಣಕಾಲು ಕಟಕ್ಕೆಂದದ್ದು ಬಾವಾನಿಗೂ ಕೇಳಿಸಿತು.

"ಸಾಕಾ?" ಎಂದು ಕೇಳಿದ.

"ಇನ್ನು ಎರಡು ದಿನ ಉಂಟಲ್ಲ," ಎಂದಳು.

ಎರಡನೆಯ ದಿನ ಕಕ್ಕಿಂಜೆ. ಮಸೀದಿಯಲ್ಲಿ ಬೆಳಗಿನ ಬಾಂಕು ಕೊಡುವ ಹೊತ್ತಿಗೆ ಉಜಿರೆ ದಾಟಿದ್ದರು. ಕಕ್ಕಿಂಜೆಯ ನೆಂಟರ ಮನೆಯಲ್ಲಿ ನಮಾಝ್ ಮುಗಿಸಿ, ಚಾ ಕುಡಿಯಿರಿ ಎಂದರೂ ಕೂರದೆ, ಚಾರ್ಮಾಡಿಯ ಕಡೆಗೆ ಹೊರಟರು. ಅಗಲ ಮಾಡುತ್ತಿದ್ದ ರಸ್ತೆಯುದ್ದಕ್ಕೂ ಮಣ್ಣಿನ ರಾಶಿ. ಓಮ್ನಿ ಎದ್ದು ಬಿದ್ದು ಸಾಗುವಾಗ ಬೀಯಮ್ಮ ಎದುರು ಸೀಟಿನ ಬೆನ್ನು ಹಿಡಿದು ಕಣ್ಣು ಮುಚ್ಚಿದ್ದಳು. ಒಂದು ತಿರುವಿನಲ್ಲಿ ಬೂರುಗದ ಮರವೊಂದು ಎಲೆಯೆಲ್ಲ ಕಳೆದುಕೊಂಡು ಬರಿಯ ಕೆಂಪು ಹೂವು ಹೊತ್ತು ನಿಂತಿತ್ತು. ರಸ್ತೆಯ ಮೇಲೆ ಬಿದ್ದ ಹೂವುಗಳನ್ನು ಲಾರಿಗಳು ಅರೆದಿದ್ದವು.

"ಮಾಮಿ, ಇದು ಆಗುದಿಲ್ಲವಾ? ಇದೂ ಹೂವೇ. ಇಳಿಯುವ ಕಷ್ಟವೂ ಇಲ್ಲ," ಎಂದ ಉಮ್ಮರ್.

ಬೀಯಮ್ಮ ಕಣ್ಣು ತೆರೆದು ನೋಡಿದಳು. "ಚಂದ ಉಂಟು ಮಗ. ಆದ್ರೆ ನಾನು ಇದಕ್ಕೆ ಏನೂ ಮಾಡಲಿಲ್ಲವಲ್ಲ."

ಮಾಯಿಲಪ್ಪನ ಮನೆಯ ಹಿಂದಿನಿಂದ ಹರಿಯುವ ತೋಡಿನ ಬದಿಯಲ್ಲಿ ಕಾಲು ಗಂಟೆಯ ದಾರಿ. ಬೀಯಮ್ಮನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮರ ಅಲ್ಲಿತ್ತು. ಬುಡ ಇಬ್ಬರು ತಬ್ಬುವಷ್ಟು. ಆದರೆ ಮೇಲೆ ನೋಡಿದರೆ, ಪ್ರತಿಯೊಂದು ಗೆಲ್ಲೂ ಮೊಣಕೈಯಲ್ಲಿ ತುಂಡಾದ ಕೈಯ ಹಾಗೆ ನಿಂತಿತ್ತು. ತುಂಡಾದಲ್ಲಿಂದ ಎಳೆಯ ಚಿಗುರು ಹೊರಟಿತ್ತು. ಒಂದು ಮೊಗ್ಗೂ ಇರಲಿಲ್ಲ.

"ಕಳೆದ ವರ್ಷ ನಾನೇ ಕಡಿದದ್ದು," ಮಾಯಿಲಪ್ಪ ತಲೆ ಕೆರೆದುಕೊಂಡ. "ಆಚೆ ಬದಿಯಲ್ಲಿ ಒಂದು ಗೆಲ್ಲು ಬಿಟ್ಟ ನೆನಪಿತ್ತು. ಒಂದಾದ್ರೂ ಬಿಟ್ಟಿರ್ತೇನೆ ಅಂತ ಗ್ರಹಿಸಿದೆ."

"ಬಿಡಲಿಲ್ಲ," ಎಂದಳು ಬೀಯಮ್ಮ.

"ಬಿಡಲಿಲ್ಲ."

ಅವಳು ಕೈಗೆ ಎಟಕುವ ಒಂದು ತುಂಡುಗೆಲ್ಲನ್ನು ಮುಟ್ಟಿದಳು. ಕಡಿದ ಗಾಯ ಒಣಗಿ, ಸುತ್ತ ಹಳದಿ ಅಂಟು ಗಟ್ಟಿಯಾಗಿತ್ತು. "ಕಳೆದ ವರ್ಷ ಕೆಡ್ಡಸ ಕಳೆದು ಬಂದ ಗೋಣಿ. ತೊಟ್ಟು ಉದ್ದ ಇತ್ತು, ಕಟ್ಟಲಿಕ್ಕೆ ಸುಲಭ ಅಂತ ನಾನು ಹೇಳಿದ್ದೆ. ಇದರದ್ದಾ?"

"ಇದರದ್ದೇ ಬೀಯಮ್ಮಕ್ಕ. ಇದರ ತೊಟ್ಟು ಉದ್ದ."

"ಇನ್ನೊಂದು ಗೋಣಿ ಉಂಟಾ ಅಂತ ನಾನೇ ಕೇಳಿ ಕಳಿಸಿದ್ದು."

ಮಾಯಿಲಪ್ಪ ಬಾವಾನ ಮುಖ ನೋಡಿದ. ಬಾವಾ ತೋಡು ನೋಡುತ್ತಿದ್ದ. ಕೆಳಗಿಳಿಯುವಾಗ ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಮೂರನೆಯ ಕಡೆ ಬಾವಾನೂ ಅವಳ ಪಕ್ಕ ಕಲ್ಲಿನ ಮೇಲೆ ಕೂತ. ಅವನಿಗೆ ಎಪ್ಪತ್ತೊಂದು. ಕಾಲು ಅವನಿಗೂ ಇತ್ತು, ನೋವು ಅದಕ್ಕೂ ಇತ್ತು.

"ನಾಳೆ ಒಂದು ದಿನ," ಎಂದ. "ನಾಳೆ ಸಿಕ್ಕದಿದ್ರೆ ಬಿಟ್ಟುಬಿಡು. ಮನೆಗೆ ಹೋಗಿ ನಾರು ನೆನೆಹಾಕುವ. ಆಯ್ತಾ?"

ಬೀಯಮ್ಮ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಆಯ್ತು ಎನ್ನಲಿಲ್ಲ. ಬಾವಾ ಅದನ್ನು ಆಯ್ತು ಎಂದೇ ತಿಳಿದುಕೊಂಡ.

ಮಾಯಿಲಪ್ಪನಿಗೆ ಈ ವರ್ಷ ಕೊಯ್ಯಲು ಇನ್ನೂ ಎರಡು ಮರಗಳಿದ್ದವು. ಆದರೆ ಅವು ಘಾಟಿಯ ಕಡಿದಾದ ಬದಿಯಲ್ಲಿ, ಆಡು ಹತ್ತುವಂಥ ಜಾಗದಲ್ಲಿ. ಬೀಯಮ್ಮನನ್ನು ಅಲ್ಲಿಗೆ ಹೊತ್ತುಕೊಂಡೂ ಹೋಗುವಂತಿರಲಿಲ್ಲ. ಹಾಗಾಗಿ ಮೂರನೆಯ ದಿನದ ಮರ ಅವನದ್ದಲ್ಲ. ಮೂಡುಬಿದಿರೆಯಿಂದಾಚೆ, ಬೆಳುವಾಯಿಯಲ್ಲಿ ಸೇಸಮ್ಮ ಎಂಬವಳ ಗದ್ದೆಯ ಮೇಲಿನ ಗುಡ್ಡೆಯಲ್ಲಿದ್ದ ಮರ. ಇಪ್ಪತ್ತು ವರ್ಷದಿಂದ ಪ್ರತಿ ವರ್ಷ ಅವನು ಹೋಗಿ ಕೇಳುತ್ತಿದ್ದ, ಪ್ರತಿ ವರ್ಷ ಸೇಸಮ್ಮ ಇಲ್ಲವೆನ್ನುತ್ತಿದ್ದಳು.

ಓಮ್ನಿ ಗೇಟಿನ ಮುಂದೆ ನಿಂತಾಗ ಸೇಸಮ್ಮ ತುಳಸಿಕಟ್ಟೆಯ ಎದುರು ನೆಲಕ್ಕೆ ಎಣ್ಣೆ ಬಿಟ್ಟು, ಸೀಗೆಪುಡಿ ಅರಿಸಿನ ಇಟ್ಟು ಏಳುತ್ತಿದ್ದಳು. ಮೂರು ದಿನದ ಕೊನೆಗೆ ಭೂಮಿಯನ್ನು ಮೀಯಿಸುವ ಕ್ರಮ. ಐವತ್ತೈದರ ಗಟ್ಟಿ ಹೆಂಗಸು. ಮಾಯಿಲಪ್ಪನನ್ನು ಕಂಡದ್ದೇ ಸೊಂಟಕ್ಕೆ ಕೈಕೊಟ್ಟಳು.

"ನೀನಾ? ಕೆಡ್ಡಸದ ದಿನವೂ ಬಿಡುದಿಲ್ಲವಾ?"

"ಕೊಯ್ಲಿಕ್ಕಲ್ಲ ಸೇಸಮ್ಮಕ್ಕ. ನೋಡ್ಲಿಕ್ಕೆ."

"ನಿನ್ನ ಕಣ್ಣಿಗೂ ಕೈ ಉಂಟು ಮಾರಾಯ. ಸೊಂಟದಲ್ಲಿ ಎಂಥದು ಅದು?"

ಕತ್ತಿ ಸಿಕ್ಕಿಸುವ ಮರದ ಕೊಕ್ಕೆ. ಕತ್ತಿ ಇಲ್ಲದಿದ್ದರೂ ಅಭ್ಯಾಸದಿಂದ ಕಟ್ಟಿಕೊಂಡು ಬಂದಿದ್ದ. ನಾಚಿಕೆಯಿಂದ ಬಿಚ್ಚಿ ಗೇಟಿನ ಕಂಬದ ಮೇಲಿಟ್ಟ. ಅಷ್ಟರಲ್ಲಿ ಬೀಯಮ್ಮ ಓಮ್ನಿಯ ಬಾಗಿಲು ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು ಇಳಿದಳು.

"ಇವರು ಬಂಟ್ವಾಳದ ಬೀಯಮ್ಮ. ಸುರಗಿ ಕಟ್ಟುವವರು," ಎಂದ ಮಾಯಿಲಪ್ಪ.

ಸೇಸಮ್ಮನ ಕೈ ಸೊಂಟದಿಂದ ಜಾರಿತು. "ಹೋ! ಬೀಯಮ್ಮನ ಸುರಗಿ ಅಂದ್ರೆ ಅಂಗಡಿಯ ಹೆಸರು ಅಂತ ಮಾಡಿದ್ದೆ ನಾನು. ಆ ಹೆಸರಿನ ಜನ ಉಂಟಾ! ನನ್ನ ಮಗಳ ಮದುವೆಯ ಸೀರೆಯ ಮಡಿಕೆಯಲ್ಲಿ ನಿಮ್ಮ ಕೈಯ ಎರಡು ಮೊಳ ಉಂಟು. ಹನ್ನೊಂದು ವರ್ಷ ಆಯ್ತು. ಪೆಟ್ಟಿಗೆ ತೆರೆದ್ರೆ ಇವತ್ತಿಗೂ ಪರಿಮಳ."

ಬಾವಾನ ಮುಖ ಮೂರು ದಿನದಲ್ಲಿ ಮೊದಲ ಸಲ ಸಡಿಲವಾಯಿತು. ಕೇಳಿದೆಯಾ ಎನ್ನುವಂತೆ ಹೆಂಡತಿಯನ್ನು ನೋಡಿದ.

ಬೀಯಮ್ಮ ಕೇಳಿದಳು: "ಮನೆಯಲ್ಲೇ ಮರ ಇಟ್ಟುಕೊಂಡು ಅಂಗಡಿಯಿಂದ ಯಾಕೆ ತಕೊಂಡ್ರಿ ಸೇಸಮ್ಮ?"

"ಇದಕ್ಕೆ ಕತ್ತಿ ಇಡುವ ಕ್ರಮ ಇಲ್ಲ. ಅತ್ತೆ ಹೇಳಿ ಹೋದದ್ದು. ಬಿದ್ದದ್ದನ್ನು ಹೆಕ್ಕಬಹುದು, ಆದ್ರೆ ಬಿದ್ದದ್ದು ಕಟ್ಟಲಿಕ್ಕೆ ಬರುದಿಲ್ಲವಲ್ಲ."

"ಹಾಗಾದ್ರೆ ನಿಮ್ಮ ಪೆಟ್ಟಿಗೆಯಲ್ಲಿರುವುದು ಬೇರೆ ಯಾವುದೋ ಮರದ್ದು."

"ಹೌದಲ್ಲ," ಎಂದಳು ಸೇಸಮ್ಮ. ಆಮೇಲೆ ತಾನೇ ಬೀಯಮ್ಮನ ಮೊಣಕೈ ಹಿಡಿದು ಗುಡ್ಡೆಯ ಕಡೆಗೆ ನಡೆಸಿದಳು.

ದೂರದಿಂದ ಮರ ವಿಶೇಷವೇನೂ ಕಾಣುತ್ತಿರಲಿಲ್ಲ. ಕಪ್ಪೆನ್ನುವಷ್ಟು ಹಸಿರಾದ ದಪ್ಪ ಎಲೆ, ಹೂವು ಎಲ್ಲಿದೆಯೆಂದೇ ತಿಳಿಯದು. ಹತ್ತಿರ ಹೋದ ಮೇಲೆ ಮೊದಲು ಬಂದದ್ದು ಪರಿಮಳ, ಆಮೇಲೆ ಸದ್ದು. ಮಸೀದಿಯ ಒಳಗೆ ಹಲವರು ಕೂಡಿ ತಗ್ಗಿದ ದನಿಯಲ್ಲಿ ಓದುತ್ತಿರುವಾಗ ಹೊರಗಿನ ರಸ್ತೆಯಲ್ಲಿ ಕೇಳುವಂಥ ಸದ್ದು. ಜೇನುನೊಣಗಳು. ಬುಡದಲ್ಲಿ ನಿಂತು ತಲೆ ಎತ್ತಿದಾಗ ಕಂಡಿತು: ಎಲೆಗಳ ಅಡಿಯಲ್ಲಿ, ಹಳೆಯ ಗೆಲ್ಲುಗಳ ಮೈಗೇ ಅಂಟಿಕೊಂಡು, ಉದ್ದಕ್ಕೂ ಹೂವು. ನಾಲ್ಕು ಬಿಳಿ ಎಸಳು ಹಿಂದಕ್ಕೆ ಮಡಚಿ, ನಡುವೆ ಅರಿಸಿನ ಬಣ್ಣದ ಒತ್ತಾದ ಕೇಸರ. ಮೊಗ್ಗಿನೊಳಗೆ ಇಷ್ಟು ಹಳದಿ ಇರುತ್ತದೆಂದು ಬೀಯಮ್ಮನ ಬೆರಳಿಗೆ ನಲವತ್ತು ವರ್ಷ ಗೊತ್ತಾಗಿರಲಿಲ್ಲ.

ಸೇಸಮ್ಮ ಒಂದು ಬೇರಿನ ಮೇಲೆ ಅವಳನ್ನು ಕೂರಿಸಿ, ತಿಂಡಿ ಮಾಡಿದ್ದು ಉಂಟು, ತರ್ತೇನೆ ಎಂದು ಮನೆಗಿಳಿದಳು. ಮಾಯಿಲಪ್ಪ ದೂರದಲ್ಲೇ ನಿಂತ. ಉಮ್ಮರ್ ಮೊಬೈಲು ಎತ್ತಿ ಎರಡು ಚಿತ್ರ ತೆಗೆದು, ಏನೂ ಸರಿ ಬರುವುದಿಲ್ಲವೆಂದು ಕಿಸೆಗೆ ಹಾಕಿಕೊಂಡ.

ಗದ್ದೆಯಾಚೆ ಸೂರ್ಯ ಎದ್ದ. ಇನ್ನೂ ಮುಚ್ಚಿದ್ದ ಮೊಗ್ಗುಗಳಲ್ಲಿ ಕೆಲವು ನೋಡುತ್ತಿದ್ದ ಹಾಗೆ ಬಿಡಿಸಿಕೊಂಡವು. ಬೀಯಮ್ಮನ ತುಟಿಗೆ ಅಭ್ಯಾಸದಿಂದ ಮಾಲೆಪದ ಬಂತು. ಸಾಲಿಗೆ ಏಳು. ಇಲ್ಲಿ ಒಂದು ಅರಳಿತು, ಆಚೆ ಮೂರು ಒಟ್ಟಿಗೆ, ಆಮೇಲೆ ಎರಡು ಸಾಲು ಮುಗಿದರೂ ಒಂದೂ ಇಲ್ಲ. ಲೆಕ್ಕ ಹೊಂದಲಿಲ್ಲ. ಅವಳು ಲೆಕ್ಕ ಬಿಟ್ಟು ಪದ ಮಾತ್ರ ಹೇಳಿದಳು. ಮದುವೆಯಾಗಿ ಬಂದ ಮೇಲೆ ಆ ಪದವನ್ನು ಕೈಯಲ್ಲಿ ನಾರಿಲ್ಲದೆ ಹೇಳಿದ್ದು ಅದೇ ಮೊದಲು. ಎರಡು ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು. ತೋರುಬೆರಳಿನ ಬದಿಯಲ್ಲಿ ನಾರು ಎಳೆದೆಳೆದು ಬಿದ್ದ ಗೆರೆ ಬೆಳಕಿನಲ್ಲಿ ಬಿಳಿಯಾಗಿ ಕಾಣುತ್ತಿತ್ತು. ಎಸಳುಗಳು ಉದುರತೊಡಗಿದವು. ಅವಳ ತಲೆವಸ್ತ್ರದ ಮೇಲೆ, ಕೈಯ ಮೇಲೆ ಬಿದ್ದವು. ಅವಳು ಕೊಡಹಲಿಲ್ಲ.

ಬಾವಾ ಕೂಡ ತಲೆ ಎತ್ತಿ ನೋಡಿದ. ಎರಡು ಗೋಣಿ ಆದೀತು ಎಂದು ಮೊದಲು ಹೊಳೆಯಿತು. ಆಮೇಲೆ ಅದನ್ನೂ ಮರೆತು ಸ್ವಲ್ಪ ಹೊತ್ತು ನಿಂತ. ಕುತ್ತಿಗೆ ನೋಯಲು ಶುರುವಾದಾಗ ಕೆಳಗೆ ನೋಡಿದ; ನೆಲವೆಲ್ಲ ಬಿಳಿ. ಇಷ್ಟು ದಿನ ನಷ್ಟವೆಂದು ಅವನು ಹೆಸರಿಟ್ಟದ್ದು ಇದನ್ನೇ.

ಸೇಸಮ್ಮ ಹುರಿದಕ್ಕಿ, ಬೆಲ್ಲ, ತೆಂಗಿನಕಾಯಿ ಬೆರೆಸಿದ ಕೆಡ್ಡಸದ ತಿಂಡಿಯನ್ನು ಬಾಳೆಲೆಯಲ್ಲಿ ತಂದು ಎಲ್ಲರಿಗೂ ಕೊಟ್ಟಳು. ತಿಂದಾಯಿತು. ಬಿಸಿಲು ಮೇಲೇರಿತು, ನೊಣಗಳ ಸದ್ದು ತೆಳುವಾಯಿತು. ಬಾವಾ ಹೆಂಡತಿಯ ಪಕ್ಕ ಬೇರಿನ ಮೇಲೆ ಕೂತ. ದಣಿದಿದ್ದರೂ ಅವನ ದನಿಯಲ್ಲಿ ಸಮಾಧಾನವಿತ್ತು.

"ಕಂಡಿತಲ್ಲ?"

"ಕಂಡಿತು. ನೀವು ಕಷ್ಟಪಟ್ಟು ತೋರಿಸಿದ್ರಿ."

"ಇವತ್ತಿಗೆ ಕೆಡ್ಡಸ ಕಳೀತದೆ. ಮಾಯಿಲಪ್ಪನ ಘಾಟಿಯ ಮರ ಎರಡು ಉಂಟು. ನಾಳೆ ಬೆಳಿಗ್ಗೆ ಗೋಣಿ ಬರ್ತದೆ. ವಾರಿಜಾಕ್ಷಿ ಟೀಚರಿಗೆ ನಾಲ್ಕು ಮೊಳ ಅಂತ ಹೇಳಿದ್ದೇನೆ. ಇವತ್ತು ಸಂಜೆ ನಾರು ನೆನೆಹಾಕ್ತೇನೆ, ನೀನು ಕಟ್ಟಿಕೊಡು."

"ಇಲ್ಲ," ಎಂದಳು ಬೀಯಮ್ಮ.

ಬಾವಾ ಸರಿಯಾಗಿ ಕೇಳಿಸದವನಂತೆ ಅವಳ ಕಡೆ ಬಾಗಿದ. "ಎಲ್ಲ ಬೇಡ ಮಾರಾಯ್ತಿ. ಈ ಒಂದು ವರ್ಷ. ದಿನಕ್ಕೆ ಹತ್ತೇ ಮೊಳ. ಜನ ಬಂದು ಕೇಳಿದ್ರೆ ನಾನು ಎಂಥ ಹೇಳುದು? ನಿನ್ನ ಹೆಸರು ಹೇಳಿಯೇ ಬರುದಲ್ಲವಾ ಅವರು? ನನಗಾಗಿ ಕಟ್ಟು."

ಬೀಯಮ್ಮ ಅಂಗೈಯ ಮೇಲೆ ಬಿದ್ದ ಎಸಳನ್ನು ನೋಡುತ್ತಿದ್ದಳು. ಮೆಲ್ಲಗೆ, ಅವನ ಮುಖ ನೋಡಿಯೇ ಹೇಳಿದಳು:

"ನಿಮಗಾಗಿಯೂ ಇಲ್ಲ. ಅರಳುವುದಕ್ಕೆ ಅಡ್ಡ ಕೂತದ್ದು ಸಾಕು. ನಾನಿನ್ನು ಸುರಗಿ ಕಟ್ಟುವುದಿಲ್ಲ."